ಅರ್ಧ ನಿನ್ನದು, ಅರ್ಧ ನನ್ನದು, ರೈಲು ಯಾರದು?

ತುಮಕೂರಿನಿಂದ ಆಂಧ್ರದ ರಾಯದುರ್ಗಕ್ಕೆ ಹೋಗಬೇಕಾದ ರೈಲು ಮಾರ್ಗವನ್ನು ಯಾರಾದರೂ ನೆನೆಗುದಿಗೆ ಬಿದ್ದ ಯೋಜನೆ ಎಂದರೆ ಜಿಲ್ಲೆಯವರಾದ ನಾವು ಅದನ್ನು ಕಟುವಾಗಿ ಖಂಡಿಸಬೇಕು. 2007-08ರಲ್ಲಿ ಮಂಜೂರಾದ ಈ 207 ಕಿಲೋಮೀಟರ್ ಮಾರ್ಗ ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗಗಳ ಮೂಲಕ ಪ್ರತಿ ಚುನಾವಣೆಯಲ್ಲೂ ತಪ್ಪದೆ ಓಡಿದೆ, ಅದೂ ವೇಳೆಗೆ ಸರಿಯಾಗಿ.

ಇದರ ಹಣಕಾಸಿನ ಏರ್ಪಾಡೇ ಒಂದು ಸೊಗಸು. ಖರ್ಚಿನಲ್ಲಿ ಅರ್ಧ ರೈಲ್ವೆಯದು, ಅರ್ಧ ರಾಜ್ಯದ್ದು. ಅದರ ಮೇಲೆ ಜಮೀನನ್ನೂ ರಾಜ್ಯವೇ ಪುಕ್ಕಟೆಯಾಗಿ ಕೊಡಬೇಕು. ಛತ್ರ ನಮ್ಮದು, ಊಟದ ಖರ್ಚಿನಲ್ಲಿ ಅರ್ಧ ನಮ್ಮದು, ಲಗ್ನಪತ್ರಿಕೆಯಲ್ಲಿ ಹೆಸರು ಮಾತ್ರ ಬೀಗರದು. ಆದರೂ ಎರಡೂ ಕಡೆಯವರಿಗೆ ಇದರಿಂದಾದ ಅನುಕೂಲವನ್ನು ಮರೆಯುವಂತಿಲ್ಲ: ಜಮೀನು ಕೊಟ್ಟರೆ ಹಳಿ ಹಾಕುತ್ತೇವೆ ಎಂದು ಅವರೂ, ಹಣ ಬಂದರೆ ಜಮೀನು ಕೊಡುತ್ತೇವೆ ಎಂದು ಇವರೂ ಹೇಳಬಹುದು, ಮತ್ತು ಹೇಳಿದ ಇಬ್ಬರೂ ಸತ್ಯವನ್ನೇ ಹೇಳಿದಂತಾಗುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಲ್ಲಿ ಸಲ್ಲದು. ಈ ಕೂಸು ಬಡವಾಗಲಿಲ್ಲ, ದುಬಾರಿಯಾಯಿತು. 2014ರ ಜನವರಿಯಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದು, ಹಳ್ಳಿಯ ಜಮೀನಿಗೆ ಮಾರುಕಟ್ಟೆ ದರದ ನಾಲ್ಕು ಪಟ್ಟಿನವರೆಗೂ ಪರಿಹಾರ ಸಿಗುವಂತಾಯಿತು. ಭೂಮಿ ಬಿಟ್ಟುಕೊಡುವವನಿಗೆ ಅದು ನ್ಯಾಯವೇ. ಆದರೆ ಬೆಲೆ ಏರಿದ್ದರಿಂದ ವಿಳಂಬವಾಯಿತು ಎಂದು ಬರೆಯಲು ಕಡತದಲ್ಲಿ ಜಾಗವಿತ್ತು. ವಿಳಂಬವಾದದ್ದರಿಂದ ಬೆಲೆ ಏರಿತು ಎಂದು ಬರೆಯುವ ಕಾಲಂ ಆ ನಮೂನೆಯಲ್ಲಿ ಇರಲಿಲ್ಲವೇನೋ.

ಮೊದಲೆಲ್ಲ ರೈಲ್ವೆ ಬಜೆಟ್ ದಿನ ನಮ್ಮೂರ ಹೆಸರು ಕೇಳೀತೆಂದು ರೇಡಿಯೊ ಮುಂದೆ ಕೂರುವ ಸುಖವಾದರೂ ಇತ್ತು. 2017ರಲ್ಲಿ ಆ ಬಜೆಟ್ಟೇ ಸಾಮಾನ್ಯ ಬಜೆಟ್ಟಿನಲ್ಲಿ ಲೀನವಾದ ಮೇಲೆ ನಮ್ಮ ಹಳಿಗಳನ್ನು ರೈಲ್ವೆ ಕಾಮಗಾರಿಗಳ ಪಟ್ಟಿಯಾದ ಪಿಂಕ್ ಬುಕ್ಕಿನ ಪುಟಗಳಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕಾಗಿದೆ.

ಪಾವಗಡದ ವಿಷಯವನ್ನಂತೂ ಕೇಳಲೇಬೇಡಿ. ಅಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದ ಗುತ್ತಿಗೆ ಪಡೆದು, 2019ರ ಹೊತ್ತಿಗೆ 2,050 ಮೆಗಾವಾಟ್ ಸೌರ ವಿದ್ಯುತ್ ತೆಗೆದೇಬಿಟ್ಟರು. ಹದಿನೈದು ಕೋಟಿ ಕಿಲೋಮೀಟರ್ ದೂರದ ಸೂರ್ಯ ಪಾವಗಡದಲ್ಲಿ ಕೆಲಸಕ್ಕೆ ಹಾಜರಾದಾಗ, ತುಮಕೂರಿನಿಂದ ನೂರೇ ಕಿಲೋಮೀಟರ್ ಆಚೆಯ ಆ ಊರಿಗೆ ಬರಬೇಕಾದ ರೈಲು ಇನ್ನೂ ಜಮೀನಿನ ಪಹಣಿ ನೋಡುತ್ತಿತ್ತು. ರಾಯದುರ್ಗದ ತುದಿಯಿಂದ ಹೊರಟದ್ದು ಕಲ್ಯಾಣದುರ್ಗ ದಾಟಿ, ಕದಿರಿದೇವರಪಲ್ಲಿಯಲ್ಲಿ ದಣಿವಾರಿಸಿಕೊಳ್ಳಲು ಕುಳಿತಿತು.

ಮಧುಗಿರಿಯ ಏಕಶಿಲಾ ಬೆಟ್ಟ ಕಾಣುವಷ್ಟು ದೂರದ ಒಂದು ಹೊಲದಲ್ಲಿ ಸರ್ವೆಯವರು ನೆಟ್ಟ ಗಡಿಕಲ್ಲೊಂದನ್ನು ನಾನು ನೋಡಿದ್ದೇನೆ. ಹೊಲದ ಯಜಮಾನರು ಅದಕ್ಕೆ ಮೇಕೆ ಕಟ್ಟಿದ್ದರು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ನಡುವಿನಲ್ಲಿ ಬೆರಳಗಲದ ಗೆರೆಯೇ ಮೂಡಿತ್ತು. "ರೈಲು ಬಂದರೆ ಇದನ್ನೇನು ಮಾಡುತ್ತೀರಿ ಯಜಮಾನರೇ?" ಎಂದು ಕೇಳಿದೆ. "ಈ ಮೇಕೆಯ ಅಜ್ಜಿಯನ್ನೂ ಇದಕ್ಕೇ ಕಟ್ಟುತ್ತಿದ್ದೆ ಸ್ವಾಮಿ" ಎಂದಷ್ಟೇ ಹೇಳಿ ಅವರು ಸೊಪ್ಪು ತರಲು ಹೋದರು. ಪ್ರಗತಿ ಪರಿಶೀಲನಾ ಸಭೆ ಹತ್ತಿರ ಬಂದಿದ್ದರಿಂದ ಯಾರೋ ಬಂದು ಕಲ್ಲಿಗೆ ಹೊಸದಾಗಿ ಸುಣ್ಣ ಬಳಿದು ಹೋಗಿದ್ದರು. ಹಸಿ ಸುಣ್ಣ ಮೇಕೆಯ ಪಕ್ಕೆಗೂ ಅಂಟಿತ್ತು. ವರದಿಯ 'ಭೌತಿಕ ಪ್ರಗತಿ' ಕಾಲಂನಲ್ಲಿ ಅದನ್ನು ಎಷ್ಟು ಶೇಕಡಾ ಎಂದು ತೋರಿಸಿದರೋ ಕಾಣೆ.