ಒಂಬತ್ತನೆಯ ಕಲ್ಲು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ದಣಪೆಯಿಂದ ಅಂಗಳದವರೆಗೆ 26 ಹಾಸುಗಲ್ಲುಗಳು. ಅಜ್ಜನ ಕಾಲದವು. ಕಳೆದ ಮಳೆಗಾಲದಲ್ಲಿ ಹಾವಸೆ ಕಟ್ಟಿ, ಅಂಚೆಯವರು ಒಮ್ಮೆ, ನಾನು ಎರಡು ಸಲ ಜಾರಿ ಬಿದ್ದೆವು. ಅವರು ಬಿದ್ದಾಗ ಮನೆಮಂದಿ ಓಡಿ ಬಂದರು. ನಾನು ಬಿದ್ದಾಗ ನಕ್ಕರು. ದಾರಿಯನ್ನೆಲ್ಲ ಕಿತ್ತು ನಾನೇ ಹೊಸದಾಗಿ ಹಾಸುತ್ತೇನೆಂದು ಹಠ ತೊಟ್ಟದ್ದು ಆ ಸಿಟ್ಟಿಗೆ. ಆಳು ಸಿಗುವುದಿಲ್ಲ ಎಂಬುದು ಬರೀ ನೆಪ.

ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಮೂರು ಇಂಚು ದಪ್ಪದ ಕರಿಕಲ್ಲು 55 ಕಿಲೋಗಿಂತ ಕಡಿಮೆ ತೂಗುವುದಿಲ್ಲ. ಅಕ್ಕಿ ಮೂಟೆಯಾದರೆ ಹಿಡಿಯಲು ಕಿವಿಯಾದರೂ ಇರುತ್ತದೆ. ಹಾರೆ ಕೊಟ್ಟು ಮೀಟಿ, ಅಡಿಕೆ ಮರದ ತುಂಡುಗಳ ಮೇಲೆ ಉರುಳಿಸುತ್ತ ಮೂರು ದಿನ ಕಳೆದೆ. ಪ್ರತಿ ಕಲ್ಲಿನಡಿಯಲ್ಲೂ ಒಂದೊಂದು ಸಂಸಾರ. ಒಂದರಲ್ಲಿ ಕೆಂಪಿರುವೆ, ಇನ್ನೊಂದರಲ್ಲಿ ಮಣ್ಣಿನದೇ ಬಣ್ಣದ ದಪ್ಪ ಕಪ್ಪೆ. ಅದು ನನ್ನನ್ನು ಬಾಡಿಗೆ ಕೇಳಲು ಬಂದವನಂತೆ ನೋಡಿ, ನಿಧಾನವಾಗಿ ಬಾಳೆಯ ಬುಡಕ್ಕೆ ವಾಸ ಬದಲಿಸಿತು.

ಎಂಟು ಇಂಚು ಅಗೆದು, ನಾಲ್ಕು ಇಂಚು ಜಲ್ಲಿ ತುಂಬಿ ದಿಮ್ಮಿಸಿ, ಮೇಲೆ ಒಂದೂವರೆ ಇಂಚು ಮರಳು ಹರಡಿ ಕಲ್ಲು ಕೂರಿಸಿದೆ. ನಾಲ್ಕು ಅಡಿಗೆ ಒಂದು ಇಂಚಿನಂತೆ ತೋಟದ ಕಡೆ ಇಳಿಜಾರು. ಸಂದಿಗೆ ಸಿಮೆಂಟ್ ಹಾಕೆಂದು ಸಲಹೆ ಕೊಟ್ಟವರು ಬಹಳ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ ಮೀರಿ ಸುರಿಯುವ ಸೀಮೆಯಿದು. ಇಂಗಲು ಸಂದಿ ಬಿಡದಿದ್ದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ, ನಮ್ಮ ದಾರಿಯನ್ನು ಕಿತ್ತುಕೊಂಡು. ಕೆಳದಿ ಅರಸರ ಕವಲೇದುರ್ಗದಲ್ಲಿ ಇಂದಿಗೂ ಆ ಕಾಲದ ಕಲ್ಲುಹಾಸಿನ ಮೇಲೆಯೇ ಹತ್ತಿ ಹೋಗುತ್ತೇವಲ್ಲ! ಮರಳನ್ನೇ ಗುಡಿಸಿ ತುಂಬಿದೆ.

ರಸಮಟ್ಟ ಇಟ್ಟರೆ ಗುಳ್ಳೆ ಎಲ್ಲಿರಬೇಕೋ ಅಲ್ಲೇ ನಿಂತಿತು. ಬೀಗುತ್ತ ಕುಳಿತಿದ್ದಾಗ ಅಮ್ಮ ಕೇಳಿದಳು: “ಅಲ್ಲೋ, ಆ ಒಂಬತ್ತನೆಯ ಕಲ್ಲಿನ ಬಾಯಿ ಏಕೆ ಮುಚ್ಚಿಸಿದೆ?”

ಆ ಕಲ್ಲು ಮೊದಲಿನಿಂದಲೂ ಅಲುಗುತ್ತಿತ್ತು. ತುಳಿದರೆ ‘ಗಡಕ್’ ಎನ್ನುತ್ತಿತ್ತು. ಅಮ್ಮ ಒಳಗಿನಿಂದಲೇ ಲೆಕ್ಕ ಹಾಕುತ್ತಿದ್ದಳು. ಒಂದು ಗಡಕ್ ಎಂದರೆ ನೆಂಟರು, ಕಾಫಿಗೆ ನೀರಿಡಬೇಕು. ಸಾಲಾಗಿ ನಾಲ್ಕು ಎಂದರೆ ದನ, ಕೋಲು ಹಿಡಿಯಬೇಕು. ನನ್ನ ಹೊಸ ದಾರಿಯಲ್ಲಿ ಪಕ್ಕದ ಮನೆಯ ದನ ಸದ್ದಿಲ್ಲದೆ ಬಂದು ಬಸಳೆ ಚಪ್ಪರವನ್ನು ಮುಗಿಸಿ ಹೋಗಿತ್ತು.

ಮರುದಿನ ಆ ಕಲ್ಲನ್ನು ಮೀಟಿ ಒಂದು ಮೂಲೆಯಡಿಯಿಂದ ಎರಡು ಹಿಡಿ ಜಲ್ಲಿ ತೆಗೆದೆ. ತುಳಿದರೆ ‘ಟಕ್’ ಎಂದಿತು.

ಅಡುಗೆಮನೆಯಿಂದ ದನಿ ಬಂತು: “ಅದಲ್ಲ. ಇನ್ನೂ ಸ್ವಲ್ಪ ದಪ್ಪ.”