ಕೊಸರಿನ ಸೊಪ್ಪಲ್ಲ ಇದು

ತಿಂಗಳ ಹಿಂದೆ ಫ್ರಾಂಕ್‌ಫರ್ಟಿನ ಸಂತೆಯಲ್ಲಿ ಕೊತ್ತಂಬರಿ ಅಂತ ಒಂದು ಕಟ್ಟು ಎತ್ತಿಕೊಂಡು ಬಂದೆ. ತಿಳಿಸಾರಿಗೆ ಉದುರಿಸಿ ಮೂಸಿದರೆ ಘಮವೇ ಇಲ್ಲ. ನೋಡಲು ಕೊತ್ತಂಬರಿಯಂತೆಯೇ ಇರುವ ಪಾರ್ಸ್ಲಿ ಸೊಪ್ಪು ಅದು! ಮುಂದಿನ ವಾರ ಸೊಪ್ಪಿನಜ್ಜಿಗೆ ಹೇಳಿಕೊಂಡರೆ ಆಕೆ ನಗಲೂ ಇಲ್ಲ. "ಚಪ್ಪಟೆ ಎಲೆಯದು ಒಯ್ದಿದ್ದೀರಿ. ಗುಂಗುರು ಎಲೆಯದೂ ಇದೆ, ಬೇರಿನದೂ ಇದೆ. ಏನು ಅಡುಗೆ?" ಅಂದರು.

ನಮ್ಮೂರಲ್ಲಿ ಯಾರು ಕೇಳುತ್ತಾರೆ? ಎರಡು ಕೆಜಿ ಟೊಮ್ಯಾಟೊ ಕೊಂಡರೆ ಕೊತ್ತಂಬರಿ ಕೊಸರಿಗೆ ಬರುತ್ತದೆ. ಪುಕ್ಕಟೆ ಸೊಪ್ಪಿಗೆ ತಳಿ ಯಾವುದಾದರೇನು!

ಇಲ್ಲಿ ತಳಿಯ ಮಾತು ಬರೀ ಶೋಕಿಯಲ್ಲ. ಪಾರ್ಸ್ಲಿಯ ಮೂರೂ ಬಗೆ ಒಂದೇ ಜಾತಿಯ ಗಿಡ, ಆದರೆ ಎಲೆಗೆ ವಾಸನೆ ಕೊಡುವ ಎಣ್ಣೆಯ ಹದ ತಳಿಯಿಂದ ತಳಿಗೆ ಬೇರೆ. ಒಂದರಲ್ಲಿ ಪಾರ್ಸ್ಲಿಯ ಖಾಸಾ ವಾಸನೆ ಕೊಡುವ ಮೆಂಥಾಟ್ರೈಈನ್ ಮುಂದು, ಇನ್ನೊಂದರಲ್ಲಿ ಮಿರಿಸ್ಟಿಸಿನ್. ಇದು ನಮ್ಮ ಜಾಯಿಕಾಯಿಯಲ್ಲಿರುವುದೇ. ಉರಿಯೂತ ತಗ್ಗಿಸಬಹುದೆಂದು ಪ್ರಯೋಗಾಲಯದವರು ಬೆನ್ನು ಹತ್ತಿರುವ ಏಪಿಜೆನಿನ್ ಎಂಬ ಸಸ್ಯದ ಅಂಶ ಕೂಡ ಈ ಎಲೆಯಲ್ಲಿ ಧಾರಾಳ.

ನನಗೆ ನಾಟಿದ್ದು ವಿಟಮಿನ್ ಕೆ. ರಕ್ತ ಹೆಪ್ಪುಗಟ್ಟಲು ಬೇಕಾದ ಇದು 100 ಗ್ರಾಂ ಹಸಿ ಎಲೆಯಲ್ಲಿ 1600 ಮೈಕ್ರೋಗ್ರಾಂ ಆಸುಪಾಸು ಇರುತ್ತದೆ. ಪಕ್ಕದ ಮನೆಯ ಮುದುಕರು ರಕ್ತ ತೆಳುವಾಗಿಸುವ ಮಾತ್ರೆಯವರು, ವಿಟಮಿನ್ ಕೆ ಏರುಪೇರಾದರೆ ಆ ಮಾತ್ರೆಯ ಹದ ಕೆಡುತ್ತದೆ. ಊಟಕ್ಕೆ ಕರೆದರೆ ಸೊಪ್ಪಿನ ಲೆಕ್ಕ ಕೇಳುತ್ತಾರೆ, ಒಂದು ದಿನ ರಾಶಿ, ಮರುದಿನ ಸೊನ್ನೆ ಆಗಬಾರದಂತೆ. ನಮ್ಮಪ್ಪ ವಾರ್ಫರಿನ್ ಅನ್ನುವ ಅಂಥದ್ದೇ ಮಾತ್ರೆ ನುಂಗುತ್ತಿದ್ದಾಗ ಊರಿನ ಡಾಕ್ಟರು ಹೇಳಿದ್ದು ಇಷ್ಟೇ: "ಸೊಪ್ಪು ಚೆನ್ನಾಗಿ ತಿನ್ನಿ ಯಜಮಾನ್ರೇ, ಒಳ್ಳೇದು." ಯಾವ ಸೊಪ್ಪು, ಎಷ್ಟು? ಕೇಳುವ ರೂಢಿ ನಮಗೂ ಇಲ್ಲ, ಹೇಳುವ ರೂಢಿ ಅವರಿಗೂ ಇಲ್ಲ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಒಪ್ಪಿಕೊಳ್ಳಬೇಕಾದ್ದು ಒಂದಿದೆ. ಪಾರ್ಸ್ಲಿಯನ್ನು 100 ಗ್ರಾಂ ಒಂದೇ ಸಲ ಇಲ್ಲಿಯವರೂ ಮೇಯುವುದಿಲ್ಲ. ಏಪಿಜೆನಿನ್ ಹೆಸರು ಸೊಪ್ಪಿನಜ್ಜಿಗೂ ಗೊತ್ತಿಲ್ಲ. ಇನ್ನು ನಮ್ಮಮ್ಮ ಮಂಡ್ಯದ ಸಂತೆಯಲ್ಲಿ ದಂಟು ಹೊಸಕಿ ಮೂಗಿಗೆ ಹಿಡಿದು, "ಫಾರಂದು ಬ್ಯಾಡ ಕಣಪ್ಪ, ನಾಟಿ ಕೊಡು" ಅನ್ನುತ್ತಿದ್ದುದು? ಅದೂ ತಳಿಯ ವಿಚಾರಣೆಯೇ ಅಲ್ಲವೇ. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ನನಗೆ ಆಗ ನಾಚಿಕೆಯಾಗುತ್ತಿತ್ತು, ಅಷ್ಟೇ.

ಆವತ್ತಿನ ಪಾರ್ಸ್ಲಿ ಸಾರನ್ನು ಚೆಲ್ಲಲಿಲ್ಲ. ಮಗಳು ಎರಡು ಸಲ ಬಡಿಸಿಕೊಂಡಳು. ಅಮ್ಮನಿಗೆ ಫೋನಿನಲ್ಲಿ ಇದನ್ನು ಮಾತ್ರ ಹೇಳಿಲ್ಲ.