ವಾಟರ್‌ಪ್ರೂಫ್ ಎಂಬ ಚೀಟಿ

ಬೆನ್ನುಚೀಲಗಳನ್ನು ‘ವಾಟರ್‌ಪ್ರೂಫ್’ ಎಂದು ಮಾರುವುದನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ಬ್ರೆಜಿಲ್‌ನ ಮನೌಸ್‌ನಿಂದ ಬೆಲೆಮ್‌ವರೆಗೆ ಅಮೆಜಾನ್ ನದಿಯಲ್ಲಿ, ದೋಣಿಯ ಅಟ್ಟದಲ್ಲಿ ಸಾಲುಸಾಲಾಗಿ ತೂಗುವ ಜೋಲಿಗಳ ನಡುವೆ ನನ್ನದನ್ನೂ ಕಟ್ಟಿಕೊಂಡು ಸಾಗುತ್ತಿದ್ದಾಗ, ಎರಡನೆಯ ಸಂಜೆಯ ಮಳೆ ಓರೆಯಾಗಿ ಒಳನುಗ್ಗಿತು. ಚೀಲದ ಬಟ್ಟೆಗೇನೋ ಲೇಪನವಿತ್ತು. ಆದರೆ ಹೊಲಿಗೆಯ ಸೂಜಿತೂತುಗಳಿಗೆ ಒಳಗಿನಿಂದ ಟೇಪು ಅಂಟಿಸಿರಲಿಲ್ಲ, ಜಿಪ್ಪಿನ ಮೇಲೆ ಮುಚ್ಚುಪಟ್ಟಿಯೂ ಇರಲಿಲ್ಲ. ನೀರು ಅಲ್ಲಿಂದಲೇ ಇಳಿದು, ಹಳದಿ ಜ್ವರದ ಲಸಿಕೆಯ ಪುಸ್ತಕವನ್ನು ತೋಯಿಸಿ, ಮೊಹರಿನ ನೀಲಿ ಶಾಯಿಯನ್ನು ದಿನಾಂಕದ ಮೇಲೆಲ್ಲ ಹರಡಿತ್ತು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಆ ಪುಸ್ತಕ ಊರ್ಜಿತವಾಗುವುದರಿಂದ ಆ ದಿನಾಂಕವೇ ಮುಖ್ಯ; ಅದಿಲ್ಲದೆ ಬ್ರೆಜಿಲ್‌ನಿಂದ ಭಾರತಕ್ಕೆ ಮರಳಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಷ್ಟು ಹೊತ್ತೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಕೋಲಾರದ ನಮ್ಮ ತಾರಸಿಯಲ್ಲಿ ಬೆಳಿಗ್ಗೆ ಒಣಹಾಕಿದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿಯಾಗುತ್ತದೆ. ಆ ಮಳೆಕಾಡಿನ ತೇವದಲ್ಲಿ ನನ್ನ ಕಾಲುಚೀಲ ದೋಣಿಯಿಂದ ಇಳಿಯುವವರೆಗೂ ಆರಲಿಲ್ಲ. ಊರಿಗೆ ಬಂದು ಅಂಗಡಿಯವರನ್ನು ವಿಚಾರಿಸಿದರೆ, ‘ತುಂತುರು ಮಳೆಗೆ ಮಾತ್ರ ಸಾರ್’ ಎಂದುಬಿಟ್ಟರು. ಹಾಗಿದ್ದರೆ ಚೀಟಿಯ ಮೇಲೆ ಅದನ್ನೇ ಅಚ್ಚು ಹಾಕಬೇಕಿತ್ತು.